ನಮ್ಮ ಗಾಲ್ಫ್ ಮೈದಾನವನ್ನು ಉಳಿಸಿಕೊಟ್ಟವರಿಗೆ

ಚಿಕ್ಕಮಗಳೂರಿನ ನಮ್ಮ ಗಾಲ್ಫ್ ಮೈದಾನದಲ್ಲಿ ಈ ವಾರ ಮತ್ತೆ ಆಟ ಶುರುವಾಗಿದೆ. ಮೈದಾನದ ಉಸ್ತುವಾರಿ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ನಾವು ಕೈಮುಗಿಯಬೇಕಾದವರಲ್ಲಿ ಹೆಚ್ಚಿನವರು ಈ ಆಟವನ್ನು ಒಂದು ದಿನವೂ ಆಡಿದವರಲ್ಲ.

2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡಗಳೇ ಕುಸಿದವು. ಮನೆ, ತೋಟ ಕಳೆದುಕೊಂಡವರ ಮುಂದೆ ನಮ್ಮ ಕಷ್ಟ ಕಷ್ಟವೇ ಅಲ್ಲ. ಆದರೂ ಆ ಮಳೆಗಾಲದ ನಂತರ ತಗ್ಗಿನ ಗ್ರೀನ್‌ಗಳಲ್ಲಿ (ಚೆಂಡು ಬೀಳಿಸುವ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ನೀರು ಬಸಿಯಲೇ ಇಲ್ಲ. ಬೇರು ಕೊಳೆತು ಪಾಚಿ ಕಟ್ಟಿತು. ಪೂರ್ತಿ ಅಗೆದು ಹೊಸದಾಗಿ ಕಟ್ಟದೆ ಗತಿಯಿರಲಿಲ್ಲ.

ಗಾಲ್ಫ್ ನಮ್ಮ ದೇಶಕ್ಕೆ ಹಳೆಯದು. ಕೋಲ್ಕತ್ತದ ಕ್ಲಬ್ಬು 1829ರದ್ದು, ಬೆಂಗಳೂರಿನದು 1876ರದ್ದು. ಆಗ ಎಷ್ಟೋ ಕಡೆ ಹುಲ್ಲಿನ ಗ್ರೀನ್ ಇರಲಿಲ್ಲ; ಮರಳಿಗೆ ಎಣ್ಣೆ ಬೆರೆಸಿ ತಟ್ಟಿದ 'ಬ್ರೌನ್' ಮೇಲೆ ಚೆಂಡು ಉರುಳಿಸುತ್ತಿದ್ದರು. ಈಗಿನ ಗ್ರೀನ್ ಕಟ್ಟುವುದೇ ಬೇರೆ ಬಗೆ. ತಳದಲ್ಲಿ ಪೈಪು, ಅದರ ಮೇಲೆ ಸುಮಾರು 10 ಸೆಂ.ಮೀ. ಜಲ್ಲಿ, ಮೇಲೆ 30 ಸೆಂ.ಮೀ. ಮರಳು. ಎಷ್ಟೇ ಮಳೆ ಬಂದರೂ ನೀರು ಕೆಳಗಿಳಿಯಬೇಕು.

ಇಳಿದ ನೀರು ಹೋಗುವುದೆಲ್ಲಿಗೆ? ಅದಕ್ಕೆ ದಾರಿ ತೋರಿಸಿದವರು ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆದು ಪಳಗಿದ ಅಣ್ಣಂದಿರು. ನಕ್ಷೆ ಬಿಡಿಸುವ ಮೊದಲೇ ಇಳಿಜಾರನ್ನು ನಡೆದು ನೋಡಿ, ಎಲ್ಲಿ ಅಗೆಯಬೇಕೆಂದು ಗೂಟ ಹೊಡೆದರು. ಕೆಳಗಿನ ಕಾಫಿ ತೋಟದ ಮಾಲೀಕರು ತಮ್ಮ ಬೇಲಿಯೊಳಗೇ ಕಾಲುವೆ ಹಾಯಲು ಬಿಟ್ಟರು. ಯಜಮಾನರೇ, ನೀವು ಒಪ್ಪದಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತಿತ್ತು.

ಫೇರ್‌ವೇಯಲ್ಲಿ (ಆಟ ಶುರುವಾಗುವಲ್ಲಿಂದ ಗ್ರೀನ್‌ವರೆಗಿನ ಹುಲ್ಲುಹಾದಿ) ಬೆಳೆಯುವ ಬರ್ಮುಡಾ ಹುಲ್ಲು ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯೇ. ನೆರಳಿದ್ದಲ್ಲಿ ಅದು ಸೊರಗುತ್ತದೆ. ಆದರೂ ಒಂದು ಮರವನ್ನೂ ಕಡಿಯಲು ಮನಸ್ಸಾಗಲಿಲ್ಲ. ಮರಗಸಿ ಮಾಡುವವರು ಸಿಲ್ವರ್ ಓಕ್ ಹತ್ತಿ, ಬೇಕಾದಷ್ಟೇ ಕೊಂಬೆ ಇಳಿಸಿ ಬೆಳಕು ಬಿಡಿಸಿದರು. ಅಂಥ ಕಣ್ಣಳತೆ ಯಾವ ಯಂತ್ರಕ್ಕೂ ಬರುವುದಿಲ್ಲ.

ಗ್ರೀನ್‌ಗೆ ಹಾಕಿದ್ದು ಟಿಫ್‌ಡ್ವಾರ್ಫ್. ಅದೂ ಗರಿಕೆಯ ವಂಶದ್ದೇ, ಆದರೆ ಮಿಶ್ರತಳಿ. ಬೀಜದಿಂದ ಬೆಳೆಸಲಾಗದು, ತುಂಡುಗಳನ್ನೇ ನೆಡಬೇಕು. ಭತ್ತದ ನಾಟಿ ಮುಗಿಸಿ ಬಂದ ಅಕ್ಕಂದಿರು ಬಿಸಿಲಿನಲ್ಲಿ ಬಗ್ಗಿ ಅಷ್ಟನ್ನೂ ನೆಟ್ಟರು, ಕಳೆ ಬಂದಾಗ ಕೂತು ಒಂದೊಂದೇ ಕಿತ್ತರು. ಇವತ್ತು ಚೆಂಡು ತಡೆಯಿಲ್ಲದೆ ಉರುಳಿ 108 ಮಿಲಿಮೀಟರ್ ಅಗಲದ ಕುಳಿಗೆ ಬೀಳುತ್ತಿದ್ದರೆ ಅದು ನಿಮ್ಮ ಕೈಗುಣ, ಅಕ್ಕ.

ದುಡ್ಡು ಕೊಟ್ಟವರ ಹೆಸರು, ಖರ್ಚಿನ ಲೆಕ್ಕ ಎರಡೂ ಬಾಗಿಲ ಬಳಿಯ ಫಲಕದಲ್ಲಿವೆ. ಅವರಿಗೂ ಋಣಿ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಮೈದಾನ ಊರವರ ಸಾರ್ವಜನಿಕ ಜಾಗ. ಅಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ, ಜನ ಬಂದು ಅಡ್ಡಾಡುತ್ತಾರೆ. ನಮ್ಮಲ್ಲೂ ಇನ್ನು ಭಾನುವಾರ ಬೆಳಿಗ್ಗೆ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಗ್ರೀನ್ ಮೇಲೆ ಮಾತ್ರ ಕಾಲಿಡಬೇಡಿ.

ಕೊನೆಗೆ ನಮ್ಮ ಕ್ಯಾಡಿಗಳು, ಆಟಗಾರರ ಕೋಲಿನ ಚೀಲ ಹೊತ್ತು ಜೊತೆಗೆ ನಡೆಯುವವರು. ಆಟ ನಿಂತಾಗ ಅವರ ಸಂಪಾದನೆಯೂ ನಿಂತಿತು. ಕಾಫಿ ಕೊಯ್ಲಿಗೆ ಹೋಗಿ ಮನೆ ನಡೆಸಿದರು, ಬಿಡುವಾದಾಗ ಇಲ್ಲಿಗೆ ಬಂದು ಮರಳು ಹೊತ್ತರು. ಕರೆದ ತಕ್ಷಣ ಎಲ್ಲರೂ ವಾಪಸ್ ಬಂದಿದ್ದಾರೆ. ಮುಂದೆ ಮೈದಾನ ಮುಚ್ಚಬೇಕಾಗಿ ಬಂದರೆ ಅವರಿಗೆ ಅರ್ಧ ಕೂಲಿಯಾದರೂ ಸಿಗುವಂತೆ ಆಟದ ಶುಲ್ಕದಲ್ಲಿ ಒಂದು ಪಾಲು ಎತ್ತಿಡಲು ತೀರ್ಮಾನಿಸಿದ್ದೇವೆ. ಈ ತಿಂಗಳಿಂದಲೇ ಅದು ಜಾರಿಯಲ್ಲಿದೆ.