ಕಮಲಾದೇವಿಯವರ ಸೋಲೂ ಪಾಠವಾಗಲಿ

ಮಾನ್ಯರೇ,

ಕಮಲಾದೇವಿ ಚಟ್ಟೋಪಾಧ್ಯಾಯ ಎಂದರೆ ಕರಕುಶಲ ಕಲೆ ಎಂದಷ್ಟೇ ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟೆ. ಅದು ನನ್ನ ತಪ್ಪು. ನಮ್ಮ ಮಂಗಳೂರಿನಲ್ಲೇ 1903ರಲ್ಲಿ ಹುಟ್ಟಿದ ಅವರು 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತರು. ಆ ಪ್ರಾಂತ್ಯದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿ ಆಗಿನ್ನೂ ಐದು ವರ್ಷ, ಅದೂ ಆಸ್ತಿ–ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ. ಸ್ಪರ್ಧಿಸುವ ಹಕ್ಕಂತೂ ಬಂದದ್ದೇ ಆ ವರ್ಷ. ನಿಲ್ಲಲೇಬೇಕೆಂದು ಹುರಿದುಂಬಿಸಿದ್ದು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್, ಮತದ ಹಕ್ಕಿಗಾಗಿಯೇ ಜೈಲು ಕಂಡು ಬಂದ ಹೆಂಗಸು. ಕಮಲಾದೇವಿ ಅಲ್ಪ ಮತಗಳಿಂದ ಸೋತರು.

ಮತಗಟ್ಟೆ ಕೆಲಸಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ, ಶಾಯಿ ಹಚ್ಚಿದ ಬೆರಳನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, ಊದುತ್ತಾ ಹೊರಗೆ ಹೋದರು. ಆ ಬೆರಳು ಇನ್ನೂ ಕಣ್ಣಮುಂದಿದೆ. ಪಠ್ಯಪುಸ್ತಕ ರಚಿಸುವವರು ಆ ಸೋಲಿಗೂ ಒಂದು ಪುಟ ಕೊಡಲಿ.

– ಪ್ರೌಢಶಾಲಾ ಶಿಕ್ಷಕಿ, ಮಂಗಳೂರು