ಫೋನ್ ಎತ್ತದ ಕಾರಣ

ತೀರ್ಥರೂಪು ತಂದೆಯವರಿಗೆ ನಿಮ್ಮ ಮಗನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮ ಸಮಾಚಾರವನ್ನು ಬರೆಯುತ್ತಿರಬೇಕು.

ಹೋದ ಮಂಗಳವಾರ ಅಮ್ಮ ನಾಲ್ಕು ಸಲ ಕರೆ ಮಾಡಿದರೂ ನಾನು ಫೋನ್ ಎತ್ತಲಿಲ್ಲವೆಂದು ನೀವಿಬ್ಬರೂ ನೊಂದುಕೊಂಡಿರೆಂದು ತಮ್ಮ ತಿಳಿಸಿದ. ಆ ಹೊತ್ತಿನಲ್ಲಿ ನಾನು ಕಂಪನಿಯ ವಾಹನ ಓಡಿಸುತ್ತಿದ್ದೆ. ಫೋನು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಸದ್ದಡಗಿ ಬಿದ್ದಿತ್ತು. ಕಿವಿಗೆ ಸಿಕ್ಕಿಸಿಕೊಂಡು ಎರಡು ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಅದಕ್ಕೂ ಅನುಮತಿಯಿಲ್ಲ. ಇದನ್ನು ಅರ್ಧಂಬರ್ಧ ಹೇಳಿ ಮುಗಿಸುವ ಬದಲು, ಈಚೆಗೆ ಕಂಪನಿಯ ಕಾರು ಪಡೆದಿರುವ ತಮ್ಮನೂ ಓದಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಹ್ಯಾಂಡ್ಸ್-ಫ್ರೀ ಇದ್ದರೆ ಕೈಗಳು ಸ್ಟೀರಿಂಗ್ ಮೇಲಿರುತ್ತವೆ ನಿಜ, ಆದರೆ ಮನಸ್ಸು ಮಾತಾಡುವವರ ಮನೆಯಲ್ಲಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದೊಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಸಾಗುತ್ತದೆ. ಒಂದು ಸಂದೇಶ ಓದಲು ಐದು ಸೆಕೆಂಡು ತಲೆ ತಗ್ಗಿಸಿದರೆ 110 ಮೀಟರ್ ದಾರಿಯನ್ನು ಕಣ್ಣು ಮುಚ್ಚಿಕೊಂಡು ದಾಟಿದಂತೆಯೇ. ಫೋನ್ ಬಳಸುತ್ತಾ ಓಡಿಸುವವರು ಅಪಘಾತಕ್ಕೀಡಾಗುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಹ್ಯಾಂಡ್ಸ್-ಫ್ರೀ ಬಳಸಿದರೂ ಅಪಾಯ ಹೆಚ್ಚೇನೂ ತಗ್ಗದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದಲ್ಲಿ ಕುಳಿತು ಮಾತಾಡುವವರು ಎದುರಿಗೆ ಲಾರಿ ಕಂಡರೆ ತಾವೇ ಸುಮ್ಮನಾಗುತ್ತಾರೆ. ಸಮುದ್ರದಾಚೆಯಿಂದ ಮಾತಾಡುವ ಅಮ್ಮನಿಗೆ ಆ ಲಾರಿ ಕಾಣುವುದಾದರೂ ಹೇಗೆ?

ಬಂದ ಹೊಸತರಲ್ಲಿ ಇಲ್ಲಿನ ನಿಯಮಗಳೆಲ್ಲ ನನಗೆ ಅತಿಯೆನಿಸಿದ್ದವು. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ್ದರಿಂದ, ಪರವಾನಗಿ ಸಿಕ್ಕ ಮೇಲೂ ಒಂದು ತಿಂಗಳು ಪಕ್ಕದಲ್ಲಿ ಅನುಭವಿಯೊಬ್ಬರನ್ನು ಕೂರಿಸಿಕೊಂಡೇ ಓಡಿಸಬೇಕೆಂದರು. ವಾಹನದಟ್ಟಣೆ ಇದ್ದಾಗ ಎಲ್ಲರ ಹಿಂದೆ ಸರಿಯಾಗಿಯೇ ಹೋಗುತ್ತಿದ್ದೆ. ಆದರೆ ಖಾಲಿ ರಸ್ತೆಗೆ ತಿರುಗಿದ ಕೂಡಲೇ ಕೈ ತಾನಾಗಿ ಹಳೆಯ ಅಭ್ಯಾಸದ ಎಡಬದಿಗೆ ಎಳೆಯುತ್ತಿತ್ತು. ವಾಹನವನ್ನು ಹಿಮ್ಮುಖವಾಗಿಯೇ ನಿಲ್ಲಿಸಬೇಕೆಂಬ ನಿಯಮಕ್ಕಂತೂ ನಾವು ನಕ್ಕಿದ್ದೆವು. ಬರುವಾಗ ಸುತ್ತಲೂ ನೋಡಿಕೊಂಡೇ ಬಂದಿರುತ್ತೇವೆ, ಆದ್ದರಿಂದ ಆಗ ಹಿಂದೆ ಸರಿಯುವುದು ಸುಲಭ. ಹೊರಡುವಾಗ ಅವಸರದಲ್ಲಿ, ಹಿಂದೆ ಯಾರು ನಡೆದು ಬರುತ್ತಿದ್ದಾರೆಂದು ಕಾಣದೆ, ಹಿಮ್ಮುಖವಾಗಿ ಹೊರಬರುವುದೇ ಅಪಾಯವೆಂದು ಆಮೇಲೆ ಅರ್ಥವಾಯಿತು.

ಕಾರ್ಖಾನೆಯೊಳಗಿನ ಒಂದು ಪದ್ಧತಿಯನ್ನು ನೀವು ನೋಡಬೇಕಿತ್ತು, ಅಪ್ಪ. ಯಾವುದೇ ಯಂತ್ರವನ್ನು ರಿಪೇರಿಗೆ ಬಿಚ್ಚುವ ಮೊದಲು ಅದರ ವಿದ್ಯುತ್ ಸ್ವಿಚ್ಚನ್ನು ಆರಿಸಿ, ಅದಕ್ಕೆ ನನ್ನದೇ ಕೆಂಪು ಬೀಗ ಜಡಿದು, ನನ್ನ ಹೆಸರು ಮತ್ತು ಫೋಟೋ ಇರುವ ಚೀಟಿಯನ್ನು ತೂಗುಹಾಕುತ್ತೇನೆ. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗಗಳು. ಬೀಗದ ಕೈ ಅವರವರ ಜೇಬಿನಲ್ಲಿ. ಮ್ಯಾನೇಜರನೇ ಬಂದು ಅವಸರ ಮಾಡಿದರೂ ನನ್ನ ಬೀಗವನ್ನು ನಾನೇ ತೆಗೆಯಬೇಕು. ಬೀಗ ಹಾಕಿದ ಮೇಲೂ ಒಮ್ಮೆ ಚಾಲೂ ಮಾಡುವ ಗುಂಡಿ ಒತ್ತಿ, ಯಂತ್ರ ಅಲುಗುವುದಿಲ್ಲವೆಂದು ಖಚಿತಪಡಿಸಿಕೊಂಡೇ ಕೈ ಒಳಗಿಡುತ್ತೇವೆ. ಇದಕ್ಕೆ ಲಾಕ್‌ಔಟ್ ಟ್ಯಾಗ್‌ಔಟ್ ಎನ್ನುತ್ತಾರೆ. ಓಡಿಸುವಾಗ ಫೋನನ್ನು ಖಾನೆಗೆ ಹಾಕಿ ಮುಚ್ಚುವುದೂ ನನಗೆ ಈಗ ಅಂಥದ್ದೇ ಬೀಗ ಜಡಿಯುವ ಕೆಲಸ.

ಇಷ್ಟೆಲ್ಲ ಇದ್ದರೂ ಕಳೆದ ವರ್ಷ ನಾನು ಕೂದಲೆಳೆಯಲ್ಲಿ ಪಾರಾದೆ. ನೀವು ಗಾಬರಿಪಡುತ್ತೀರೆಂದು ಆಗ ಹೇಳಿರಲಿಲ್ಲ, ಕ್ಷಮಿಸಬೇಕು. ಬೆಳಗ್ಗೆ ಐದಕ್ಕೆ ಎದ್ದು, ದೂರದ ಸೈಟಿನಲ್ಲಿ ಇಡೀ ದಿನ ಪಂಪು ರಿಪೇರಿ ಮಾಡಿ, ರಾತ್ರಿ ಹತ್ತು ದಾಟಿದ ಮೇಲೆ ಒಬ್ಬನೇ ವಾಪಸು ಹೊರಟಿದ್ದೆ. ತೂಕಡಿಕೆ ಬಂದಾಗ ಕಿಟಕಿ ಇಳಿಸಿದೆ, ರೇಡಿಯೋ ಜೋರು ಮಾಡಿದೆ. ಆಮೇಲೆ ನೆನಪಿರುವುದು ಚಕ್ರದಡಿಯ ಗರಗರ ಸದ್ದು ಮಾತ್ರ. ವಾಹನ ರಸ್ತೆಯಂಚಿನ ಉಬ್ಬುಗೆರೆಗಳ ಮೇಲೆ ಓಡುತ್ತಿತ್ತು, ದೀಪದ ಬೆಳಕಿನಲ್ಲಿ ಒಂದು ಕಂಬ ತೀರಾ ಹತ್ತಿರದಲ್ಲಿತ್ತು. ಸ್ಟೀರಿಂಗ್ ತಿರುಗಿಸಿ, ಮುಂದೆ ಹೋಗಿ ಗಾಡಿ ನಿಲ್ಲಿಸಿ, ನಡುಗುವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. 17 ಗಂಟೆ ನಿದ್ದೆಯಿಲ್ಲದವನ ಚುರುಕುತನ, ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಯಂತೆ. ಅನೇಕ ದೇಶಗಳಲ್ಲಿ ಕಾನೂನಿನ ಮಿತಿಯೇ ಅಷ್ಟು. ಒಂದು ಹನಿಯನ್ನೂ ಮುಟ್ಟದೆ ನಾನು ಆ ಸ್ಥಿತಿಗೆ ಬಂದಿದ್ದೆ. ನಿದ್ದೆ ಬಂದವನಿಗೆ ಗಾಳಿಯೂ ಹಾಡೂ ಮದ್ದಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಲು ಗಂಟೆಯಾದರೂ ಮಲಗಬೇಕು.

ಗೀರೂ ಬಿದ್ದಿರಲಿಲ್ಲ, ಮುಚ್ಚಿಡಬಹುದಿತ್ತು. ಆದರೂ ಮರುದಿನ ನಿಯರ್ ಮಿಸ್, ಎಂದರೆ ಸ್ವಲ್ಪದರಲ್ಲೇ ತಪ್ಪಿದ ಅಪಘಾತ, ಎಂದು ಬರೆದುಕೊಟ್ಟೆ. ಬೈಗುಳಕ್ಕೆ ಸಿದ್ಧನಾಗಿದ್ದ ನನ್ನನ್ನು ಸೇಫ್ಟಿ ಆಫೀಸರು ಕೇಳಿದ್ದು, ಇಡೀ ದಿನದ ಕೆಲಸವನ್ನೂ ರಾತ್ರಿಯ ಪ್ರಯಾಣವನ್ನೂ ಒಬ್ಬನಿಗೇ ಗೊತ್ತುಮಾಡಿದವರು ಯಾರು ಎಂದು. ಪ್ರಯಾಣದ ಫಾರಮ್ಮಿಗೆ ಅಲ್ಲಿಯವರೆಗೆ ಮೇಲಿನವರು ಓದದೆಯೇ ಸಹಿ ಹಾಕುತ್ತಿದ್ದರು. ಆ ತಪ್ಪು ಅವರದೂ ಹೌದೆಂದು ನಾನು ಇಂದಿಗೂ ಭಾವಿಸುತ್ತೇನೆ. ಈಗ ಕೆಲಸ ಹನ್ನೆರಡು ಗಂಟೆ ಮೀರಿದರೆ ಸೈಟಿನಲ್ಲೇ ತಂಗಬೇಕು, ಇಲ್ಲವೇ ಬೇರೆ ಚಾಲಕ ಬರುತ್ತಾನೆ. ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಲೇಬೇಕು.

ತಮ್ಮನಿಗೆ ಹೇಳಿ: ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಆ ಕಂಬ ತಲುಪಲು ಮೂರು ಸೆಕೆಂಡಾದರೂ ಬೇಕು, ಮಳೆಯಲ್ಲಿ ಅದರ ಇಮ್ಮಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ನೋಡಬೇಕು.

ನಿಮ್ಮಲ್ಲೂ ಒಂದು ಬಿನ್ನಹವಿದೆ. ಅವನ ಕಾರಿನಲ್ಲಿ ಹಿಂದೆ ಕೂರುವಾಗ ನೀವು ಬೆಲ್ಟ್ ಕಟ್ಟಿಕೊಳ್ಳುವುದಿಲ್ಲವೆಂದು ಕೇಳಿದೆ. ಎದೆ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಇಂದಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದರು. ಇತರ ಕಂಪನಿಗಳೂ ಬಳಸಲೆಂದು ಅದರ ಪೇಟೆಂಟನ್ನು ವೋಲ್ವೋ ಮುಕ್ತವಾಗಿ ಬಿಟ್ಟುಕೊಟ್ಟಿತು. ಕಾರು ಒಮ್ಮೆಲೇ ನಿಂತಾಗ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತವರು ಅದೇ ವೇಗದಲ್ಲಿ ಮುಂದಿನ ಸೀಟಿಗೆ, ಎಂದರೆ ತಮ್ಮನ ಬೆನ್ನಿಗೇ, ಬಡಿಯುತ್ತಾರೆ. ಅವನ ಸಲುವಾಗಿಯಾದರೂ ಕಟ್ಟಿಕೊಳ್ಳಿ.

ಅಮ್ಮನಿಗೆ ತಿಳಿಸಿ, ಸೈಟಿಗೆ ಹೊರಡುವ ಮೊದಲು ನಾನೇ ಒಂದು ಸಾಲು ಸಂದೇಶ ಕಳುಹಿಸುತ್ತೇನೆ, ತಲುಪಿ ಗಾಡಿಯ ಕೀ ತೆಗೆದ ಮೇಲೆ ಕರೆ ಮಾಡುತ್ತೇನೆ. ನಡುವೆ ಉತ್ತರ ಬಾರದಿದ್ದರೆ ಫೋನು ಖಾನೆಯಲ್ಲಿದೆಯೆಂದು ತಿಳಿಯಿರಿ. ತಮ್ಮ ರಸ್ತೆಯಲ್ಲಿರುವಾಗ ಅವನಿಗೂ ಕರೆ ಮಾಡಬೇಡಿ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಹಿರಿಯ ಮಗ