2 ಗ್ರಾಂ ಲೆಕ್ಕ ಹೇಳಿಕೊಟ್ಟವರಿಗೆ

ರೆಕಾರ್ಡ್ ಅಂಗಡಿಯಲ್ಲಿ ಟೋನ್‌ಆರ್ಮ್, ಅಂದರೆ ರೆಕಾರ್ಡ್ ಪ್ಲೇಯರಿನಲ್ಲಿ ಸೂಜಿ ಹೊತ್ತ ತೋಳಿನ ತೂಕ ಹೊಂದಿಸುವುದನ್ನು ತಾಳ್ಮೆಯಿಂದ ತೋರಿಸಿಕೊಟ್ಟ ಹಿರಿಯರೇ, ನಿಮಗೆ ತುಂಬಾ ಧನ್ಯವಾದ. ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಎಲ್ಲರೆದುರು ಹೇಳುತ್ತಿದ್ದೇನೆ.

ನನ್ನ ಪ್ಲೇಯರಿನ ಕಾರ್ಟ್ರಿಡ್ಜ್, ಅಂದರೆ ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ, ಆಡಿಯೋ-ಟೆಕ್ನಿಕಾ ವಿಎಂ95ಇ. ಸೂಜಿ ರೆಕಾರ್ಡಿನ ಮೇಲೆ ಒತ್ತುವ ತೂಕ 2 ಗ್ರಾಂ ಇಡಬೇಕು ಅಂತ ಜೊತೆಗಿದ್ದ ಕಾಗದದಲ್ಲಿತ್ತು. ಆ 2 ಗ್ರಾಂ ಎಲ್ಲಿಂದ ಎಣಿಸಬೇಕು ಅನ್ನೋದನ್ನು ಹೇಳಿದ್ದು ನೀವು. ಮೊದಲು ಆಂಟಿ-ಸ್ಕೇಟ್ (ತೋಳು ರೆಕಾರ್ಡಿನ ಒಳಕ್ಕೆ ಎಳೆದುಕೊಂಡು ಹೋಗದಂತೆ ತಡೆಯುವ ಗುಂಡಿ) 0ಗೆ. ಸೂಜಿಯ ಮುಚ್ಚಳ ತೆಗೆದು, ತೋಳಿನ ಹಿಂತುದಿಯಲ್ಲಿರುವ ತೂಕದ ಗುಂಡನ್ನು ನಿಧಾನವಾಗಿ ತಿರುಗಿಸಬೇಕು. ತೋಳು ಮೇಲೂ ಏಳದೆ, ಕೆಳಗೂ ಬೀಳದೆ, ತಕ್ಕಡಿಯ ದಂಡದ ಹಾಗೆ ಗಾಳಿಯಲ್ಲಿ ನೆಟ್ಟಗೆ ನಿಲ್ಲಬೇಕು. ಆಗ ತೋಳನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಅಂಕಿಗಳಿರುವ ರಿಂಗ್ ಒಂದನ್ನೇ 0ಗೆ ತರಬೇಕು. ಆಮೇಲೆ ರಿಂಗ್, ಗುಂಡು ಎರಡನ್ನೂ ಒಟ್ಟಿಗೆ 2ರವರೆಗೆ ತಿರುಗಿಸಬೇಕು. ಕೊನೆಗೆ ಆಂಟಿ-ಸ್ಕೇಟ್ ಕೂಡ 2.

ಸೂಜಿಯ ತೂಕ ಕಮ್ಮಿ ಇದ್ದಷ್ಟೂ ರೆಕಾರ್ಡಿಗೆ ಒಳ್ಳೆಯದು ಅಂತ ಎಷ್ಟೋ ಜನ ನಂಬಿದ್ದಾರೆ, ಅಲ್ವಾ? ಹಾಗಲ್ಲ ಅಂತ ನೀವು ವಿವರಿಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ. ತೀರಾ ಹಗುರವಾದರೆ ಸೂಜಿ ತಾನು ಓಡುವ ಗೀರಿನ (ಗ್ರೂವ್) ಗೋಡೆ ಬಿಟ್ಟು ಚಿಮ್ಮುತ್ತದೆ, ಮತ್ತೆ ಬಂದು ಬಡಿಯುತ್ತದೆ. ಗೀರು ಹಾಳಾಗುವುದು ಅಲ್ಲೇ. ಜಾಸ್ತಿ ತೂಕವೂ ಬೇಡ, ಸವೆತ ಹೆಚ್ಚುತ್ತದೆ. ಈ ಕಾರ್ಟ್ರಿಡ್ಜಿಗೆ 1.8ರಿಂದ 2.2 ಗ್ರಾಂ ಒಳಗಿದ್ದರೆ ಸಾಕು.

ನೀವು ಹೇಳಿದ ಸಣ್ಣ ಡಿಜಿಟಲ್ ತಕ್ಕಡಿಯನ್ನೂ ತಂದೆ. ಅಂಕಿ ಸರಿಯಾಗಿ ಬಂತು. ಹಾಡಿನಲ್ಲಿ ಸ, ಶ ಬಂದಾಗ ಒಡೆಯುತ್ತಿದ್ದ ದನಿ ಈಗ ಸ್ವಚ್ಛ. ಅಪ್ಪ ಕೂಡಿಟ್ಟ ಎಲ್‌ಪಿಗಳನ್ನು ಭಯವಿಲ್ಲದೆ ಹಾಕುತ್ತಿದ್ದೇವೆ. ಥ್ಯಾಂಕ್ಸ್ ಸರ್.